ಬಿಚ್ಚಿಹೋದ ರುಮಾಲು, ಉಳಿದ ಶಿರಸ್ತ್ರಾಣ

ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುತ್ತಲೇ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ವಸ್ತುಚಿತ್ರ ಎಂದ ಕೂಡಲೇ ನಮ್ಮ ಶಾಲೆಗಳಲ್ಲಿ ಮೇಜಿನ ಮೇಲೆ ಬಂದು ಕೂರುವುದು ಒಂದು ಬಕೆಟ್ಟು, ಒಂದು ಮಗ್ಗು, ಪಕ್ಕದಲ್ಲಿ ಎರಡು ಬದನೆಕಾಯಿ. ಬಕೆಟ್ಟಿನ ಮೇಲೆ ನನಗೇನೂ ಕೋಪವಿಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂತಹ ತಾಲ್ಲೂಕುಗಳಲ್ಲಿ ಹುಟ್ಟಿದ ಮಕ್ಕಳು ಹತ್ತು ವರ್ಷವೂ ಬಕೆಟ್ಟನ್ನೇ ಬರೆಯಬೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಈ ನೆಲದಲ್ಲಿ ಎಷ್ಟು ಬಗೆಯ ಸೈನಿಕರು ಓಡಾಡಿದ್ದಾರೆ! ಅವರ ತಲೆಯ ಮೇಲೆ ಎಷ್ಟು ಬಗೆಯ ರುಮಾಲು, ಟೋಪಿ, ಶಿರಸ್ತ್ರಾಣಗಳಿದ್ದವು!

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನಿದ್ದಾಗ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೈ ತುಂಬ ಚೆನ್ನಾಗಿತ್ತು. ಆದರೆ ಮನುಷ್ಯರ, ಪ್ರಾಣಿಗಳ ಚಿತ್ರ ಬರೆಯುವುದು ಅವನ ಮನೆಯಲ್ಲಿ ಒಪ್ಪಿಗೆಯಿರಲಿಲ್ಲ. ಇಂತಹ ಮನೆಗಳು ನಮ್ಮ ಸಮಾಜದಲ್ಲಿವೆ, ಅವರ ಭಾವನೆಗೆ ಗೌರವ ಕೊಡಲೇಬೇಕು. ತಲೆ ಬೇಡ, ತಲೆಯ ಮೇಲಿನದನ್ನು ಬರೆಯೋಣ ಎಂದುಕೊಂಡು, ಅವನ ಅಜ್ಜನವರು ಕಟ್ಟುತ್ತಿದ್ದ ರುಮಾಲನ್ನು ತರಲು ಹೇಳಿದೆ. ಹುಡುಗ ತಂದ. ಮೇಜಿನ ಮೇಲಿಟ್ಟರೆ ಅದು ಒಗೆಯಲು ಹಾಕಿದ ಬಟ್ಟೆಯ ರಾಶಿಯ ಹಾಗೆ ಬಿದ್ದುಕೊಂಡಿತು. ರುಮಾಲು ಎಂಬುದು ವಸ್ತುವೇ ಅಲ್ಲ, ಕಟ್ಟಿದಾಗ ಮಾತ್ರ ವಸ್ತು ಎಂದು ನನಗೆ ಹೊಳೆದದ್ದು ಆಗಲೇ. ಅಷ್ಟು ವರ್ಷ ಶ್ರೀರಂಗಪಟ್ಟಣದ ಇತಿಹಾಸ ಓದಿದ್ದರೂ ಅದರ ಒಂದು ವಾಕ್ಯ ನನಗೆ ಅರ್ಥವಾದದ್ದು ಕೂಡ ಅಂದೇ.

ಆ ವಾಕ್ಯ ಮೇಜರ್ ಅಲನ್ ಎಂಬ ಬ್ರಿಟಿಷ್ ಅಧಿಕಾರಿಯದು. 1799ರ ಮೇ 4ರ ರಾತ್ರಿ, ಕೋಟೆಯ ಉತ್ತರ ದಿಕ್ಕಿನ ಬಾಗಿಲಿನ ಬಳಿ ಹೆಣಗಳ ರಾಶಿಯ ನಡುವೆ ದೀವಟಿಗೆಯ ಬೆಳಕಿನಲ್ಲಿ ಟಿಪ್ಪು ಸುಲ್ತಾನರನ್ನು ಹುಡುಕಿದವರಲ್ಲಿ ಅವನೂ ಒಬ್ಬ. ಸುಲ್ತಾನರು ಏನು ಧರಿಸಿದ್ದರೆಂದು ಅವನು ಬರೆದಿಟ್ಟಿದ್ದಾನೆ: ತೆಳು ಬಿಳಿ ಬಟ್ಟೆಯ ಅಂಗಿ, ಹೂವಿನ ಚೀಟಿ ಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ಕೆಂಪು ಬಟ್ಟೆ, ತೋಳಿನಲ್ಲಿ ತಾಯಿತ. ತಲೆ ಮಾತ್ರ ಬರಿದು. ಬೀಳುವ ಗದ್ದಲದಲ್ಲಿ ರುಮಾಲು ಕಳೆದುಹೋಗಿತ್ತು ಎನ್ನುತ್ತಾನೆ. ನಾನು ಇದನ್ನು ಎಷ್ಟೋ ಸಲ ಓದಿ ಮುಂದೆ ಹೋಗಿದ್ದೆ. ಮೇಜಿನ ಮೇಲೆ ಬಿದ್ದ ಆ ಬಟ್ಟೆಯನ್ನು ನೋಡಿದ ಮೇಲೆ ವಿಷಯ ಬೇರೆಯಾಯಿತು. ತಲೆಯಿಂದ ಜಾರಿದ ರುಮಾಲು ಕಾಲ್ತುಳಿತದಲ್ಲಿ ಬಿಚ್ಚಿಕೊಂಡರೆ ಉಳಿಯುವುದು ಉದ್ದನೆಯ ಒಂದು ಬಟ್ಟೆ. ಅದನ್ನು ನೋಡಿ ಇದು ಅರಸನದು, ಇದು ಸಿಪಾಯಿಯದು ಎಂದು ಯಾರು ಹೇಳಬಲ್ಲರು?

ಈ ಒಂದು ಬಟ್ಟೆಯ ಚಿಂತೆಯೇಕೆ ಎಂದು ಓದುಗರು ಕೇಳಬಹುದು. ಆ ಕಾಲದಲ್ಲಿ ಮನುಷ್ಯನ ಗುರುತು ಇದ್ದದ್ದೇ ತಲೆಯ ಮೇಲೆ. ಪರ್ಷಿಯನ್ ಭಾಷೆಯಲ್ಲಿ ಬರೆಯುತ್ತಿದ್ದ ನಮ್ಮ ಇತಿಹಾಸಕಾರರು ಯೂರೋಪಿನವರನ್ನು ಕುಲಾಹ್‌ಪೋಶರು, ಅಂದರೆ ಟೋಪಿ ಧರಿಸಿದವರು ಎಂದು ಕರೆದರು. ಜನರ ಬಾಯಲ್ಲಿ ಅವರು ಟೋಪಿವಾಲರಾದರು. ಒಬ್ಬರಿಗೆ ಮೋಸ ಮಾಡುವುದಕ್ಕೆ ಕನ್ನಡದಲ್ಲಿ ಟೋಪಿ ಹಾಕುವುದು ಎನ್ನುತ್ತೇವೆ. ಆ ಮಾತಿಗೂ ಈ ಟೋಪಿವಾಲರಿಗೂ ನಂಟು ಕಲ್ಪಿಸಿ ನಗುವವರಿದ್ದಾರೆ. ಅದು ನಗೆಗೆ ಸರಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಟೋಪಿಯೇ ಗುರುತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಟಿಪ್ಪುವಿನ ಹುಲಿ ಎಂದು ಪ್ರಸಿದ್ಧವಾದ ಮರದ ಯಂತ್ರ ಅದು. ಹುಲಿಯೊಂದು ಯೂರೋಪಿನವನನ್ನು ಅಂಗಾತ ಕೆಡವಿ ಕುತ್ತಿಗೆಗೆ ಬಾಯಿ ಹಾಕಿದೆ. ಕೈ ತಿರುವಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಆ ಮನುಷ್ಯನ ಚಿತ್ರ ಸಿಕ್ಕರೆ ಗಮನಿಸಿ. ನೆಲಕ್ಕೆ ಬಿದ್ದು ಪ್ರಾಣ ಹೋಗುತ್ತಿದ್ದರೂ ತಲೆಯ ಮೇಲಿನ ಕಪ್ಪು ಟೋಪಿ ಅಲುಗಿಲ್ಲ! ನಿಜವಾಗಿ ಹಾಗೆ ಆಗುತ್ತದೆಯೇ? ಆದರೆ ಟೋಪಿ ತೆಗೆದರೆ ಅವನು ಯಾರೋ ಒಬ್ಬ ಮನುಷ್ಯನಾಗಿಬಿಡುತ್ತಾನೆ. ಕೆತ್ತಿದ ಬಡಗಿಗೆ ಅದು ಗೊತ್ತಿತ್ತು.

ದರಿಯಾ ದೌಲತ್ ಬಾಗಿನ ಪಶ್ಚಿಮ ಗೋಡೆಯ ಚಿತ್ರಕಾರರಿಗೂ ಇದು ಗೊತ್ತಿತ್ತು. 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧವಿದೆ. ಕಂಚಿಯ ಬಳಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಕರ್ನಲ್ ಬೈಲಿಯ ಸುಮಾರು 3,800 ಜನರ ಪಡೆಯನ್ನು ಸೋಲಿಸಿದ ಯುದ್ಧ ಅದು. ಚಿತ್ರದಲ್ಲಿ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಸುತ್ತ ಚೌಕಾಕಾರವಾಗಿ ನಿಂತ ಅವನ ಪಡೆ, ಕೆಂಪು ಕೋಟು, ಕಪ್ಪು ಟೋಪಿ. ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ನೂರಾರು ಮುಖಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ತಲೆಯ ಮೇಲೆ ಮತ್ತು ಮೀಸೆಯಲ್ಲಿ. ಹೈದರ್ ಅಲಿಗೆ ಮೀಸೆಯಿಲ್ಲ, ಟಿಪ್ಪು ಸುಲ್ತಾನರಿಗೆ ಮೀಸೆಯಿದೆ, ಕೈಯಲ್ಲಿ ಗುಲಾಬಿ. ಅಕ್ಷರ ಬಾರದ ಸಿಪಾಯಿಯೂ ಗೋಡೆಯ ಮುಂದೆ ನಿಂತು ರುಮಾಲು ನಮ್ಮವರದು, ಟೋಪಿ ಅವರದು ಎಂದು ಓದಿಕೊಳ್ಳಬಹುದಿತ್ತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಹೇಳಬೇಕು. ನಾವು ಇಂದು ನೋಡುವ ಬಣ್ಣವೆಲ್ಲವೂ 1784ರ ಕುಂಚದ್ದಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಗೆ ಮೊದಲು ಈ ಚಿತ್ರಗಳು ಅಳಿಸಿಹೋಗಿದ್ದವು. 1799ರ ನಂತರ ಇದೇ ಕಟ್ಟಡದಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದ. ಆಮೇಲೆ ಮತ್ತೊಮ್ಮೆ ಸುಣ್ಣ ಬಿತ್ತು. 1855ರಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯ ಮೇರೆಗೆ, ಹಳೆಯ ಚಿತ್ರವನ್ನು ಕಂಡಿದ್ದ ಒಬ್ಬ ದೇಶೀಯ ಕಲಾವಿದನಿಂದ ಪುನಃ ಬರೆಸಲಾಯಿತು. ಆದ್ದರಿಂದ ಇಂತಹ ರುಮಾಲಿಗೆ ಇಂತಹುದೇ ಮಡಿಕೆ ಇತ್ತು ಎಂದು ಗೋಡೆಯೊಂದನ್ನೇ ನಂಬಿ ಹೇಳುವಂತಿಲ್ಲ. ಅದೃಷ್ಟಕ್ಕೆ ಇದೇ ಯುದ್ಧದ ಚಿತ್ರ ಕಾಗದದ ಮೇಲೂ ಇದೆ. ಹತ್ತು ಹಾಳೆ, ಒಟ್ಟು ಸುಮಾರು 32 ಅಡಿ ಉದ್ದ. ಅದು ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ 2010ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಮಾರಾಟವಾಯಿತು. ಎರಡನೆಯ ಸಲದ ಬೆಲೆ 6,30,000 ಪೌಂಡು. ನಮ್ಮ ಊರಿನ ಯುದ್ಧಚಿತ್ರವನ್ನು ಇನ್ನೊಂದು ದೇಶದ ಹರಾಜಿನ ಕ್ಯಾಟಲಾಗಿನಲ್ಲಿ ನೋಡಿ ಹೋಲಿಸಬೇಕಾಗಿ ಬಂದಿರುವುದು ಸಂಕಟದ ವಿಷಯ. ಆದರೂ ಹೋಲಿಸಲೇಬೇಕು.

ಗೋಡೆಯ ಚಿತ್ರದ ಜೊತೆಗೆ ಬರಹದ ಸಾಕ್ಷಿಯೂ ಇದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಹೈದರ್ ಅಲಿಯವರ ರುಮಾಲನ್ನು ವರ್ಣಿಸಿದ್ದಾನೆ: ಕಡುಗೆಂಪು ಬಣ್ಣ, ಮೇಲ್ಭಾಗ ಚಪ್ಪಟೆ, ಸುತ್ತಳತೆ ಬಹಳ ದೊಡ್ಡದು, ಅದಕ್ಕೆ ನೂರು ಮೊಳ ನಯವಾದ ಬಟ್ಟೆ. ನೂರು ಮೊಳ! ಬಟ್ಟೆ ಎಷ್ಟು ತೆಳ್ಳಗಿದ್ದರೆ ಅಷ್ಟು ಉದ್ದವನ್ನು ಒಂದು ತಲೆ ಹೊರಲು ಸಾಧ್ಯ, ಯೋಚಿಸಿ. ಇದನ್ನು ಬರೆಯುವ ವಿದ್ಯಾರ್ಥಿ ಹಗ್ಗದಂತೆ ದಪ್ಪ ಸುರುಳಿಗಳನ್ನು ಹಾಕಿದರೆ ತಪ್ಪಾಗುತ್ತದೆ. ತೆಳುಬಟ್ಟೆಯ ಮಡಿಕೆ ಸಣ್ಣದು, ಒತ್ತೊತ್ತಾಗಿರುತ್ತದೆ. ಟಿಪ್ಪು ಸುಲ್ತಾನರ ರುಮಾಲು ಬೇರೆ ಬಗೆಯದು. ಕಿರ್ಮಾನಿಯ ಬರಹದ ಪ್ರಕಾರ ಕೊನೆಗಾಲದಲ್ಲಿ ಅವರು ಹಸಿರು ರುಮಾಲನ್ನು ಅರಬರ ರೀತಿಯಲ್ಲಿ ಕಟ್ಟಿ, ಕಸೂತಿಯ ಒಂದು ಸೆರಗನ್ನು ತಲೆಯ ಪಕ್ಕದಲ್ಲಿ ಇಳಿಬಿಡುತ್ತಿದ್ದರು. ತಂದೆಯ ರುಮಾಲಿಗೆ ಅಗಲ ಮುಖ್ಯ, ಮಗನದಕ್ಕೆ ಇಳಿಬಿದ್ದ ಸೆರಗು ಮುಖ್ಯ.

ಪಾಂಡವಪುರದವರಿಗೆ ನಾನು ಬೇರೊಂದು ಟೋಪಿಯ ಕಥೆ ಹೇಳಬೇಕು. ಹಿರೋಡೆ ಎಂಬ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬುಡದಲ್ಲಿ ಬೀಡು ಬಿಟ್ಟಿದ್ದರಿಂದ. 1797ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನ ಮುಂದಾಳತ್ವದಲ್ಲಿ ಅವರ ಕ್ರಾಂತಿಕಾರಿ ಕ್ಲಬ್ಬೊಂದು ಸೇರಿ, ಸ್ವಾತಂತ್ರ್ಯದ ಮರವನ್ನು ನೆಟ್ಟು, ಅದರ ತುದಿಗೆ ಸಮಾನತೆಯ ಟೋಪಿಯನ್ನು ಏರಿಸಿತು ಎಂದು ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಈ ಪತ್ರಗಳನ್ನೇ ಸಂಶಯದಿಂದ ನೋಡುವ ಇತಿಹಾಸಕಾರರಿದ್ದಾರೆ. ಸುಲ್ತಾನರ ಮೇಲೆ ಯುದ್ಧ ಹೂಡಲು ಬ್ರಿಟಿಷರಿಗೆ ನೆಪ ಬೇಕಾಗಿತ್ತು, ಆದ್ದರಿಂದ ಆ ಸಂಶಯವನ್ನು ತಳ್ಳಿಹಾಕುವಂತಿಲ್ಲ. ಟೋಪಿಯ ಮಟ್ಟಿಗೆ ಹೇಳುವುದಾದರೆ ಆ ಕಾಲದ ಫ್ರಾನ್ಸಿನಲ್ಲಿ ಅದು ಎಲ್ಲೆಲ್ಲೂ ಇತ್ತು: ಮೆತ್ತನೆಯ ಕೆಂಪು ಬಟ್ಟೆ, ತುದಿ ಮುಂದಕ್ಕೆ ಬಾಗಿದ್ದು. ಬಿಡುಗಡೆಯಾದ ಗುಲಾಮನ ಟೋಪಿ ಎಂಬ ರೋಮನ್ನರ ಕಾಲದ ಅರ್ಥವನ್ನು ಅದಕ್ಕೆ ಕೊಟ್ಟಿದ್ದರು. ತಲೆಯಿಲ್ಲದ ಟೋಪಿಯನ್ನು ಕಂಬದ ಮೇಲಿಟ್ಟು ಅದಕ್ಕೆ ಗೌರವ ಸಲ್ಲಿಸುವುದು, ವಸ್ತುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಕೃಷ್ಣರಾಜಪೇಟೆಯ ಕಡೆ ಟೋಪಿಯೂ ಇಲ್ಲ, ರುಮಾಲೂ ಇಲ್ಲ, ಕಲ್ಲಿದೆ. ಹೊಸಹೊಳಲಿನ ಹೊಯ್ಸಳ ದೇವಾಲಯದ ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಕುದುರೆ ಸವಾರರ ಸಾಲಿದೆ. ನಮ್ಮ ಹಳ್ಳಿಗಳ ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ ವೀರಗಲ್ಲುಗಳಿವೆ. ಬಹಳಷ್ಟು ವೀರಗಲ್ಲುಗಳಲ್ಲಿ ವೀರನ ತಲೆಗೆ ರಕ್ಷಣೆಯೇ ಇರುವುದಿಲ್ಲ, ಕೂದಲನ್ನು ತುರುಬು ಕಟ್ಟಿರುತ್ತಾನೆ ಅಷ್ಟೆ. ಕಿರೀಟ ದೇವರಿಗೆ ಮತ್ತು ಅರಸರಿಗೆ.

ಈಗ ಮತ್ತೆ 1799ಕ್ಕೆ ಬರೋಣ. ಸುಲ್ತಾನರ ಬರಿದಾದ ತಲೆಗೆ ಲಂಡನ್ನಿನ ಚಿತ್ರಕಾರರು ಏನು ಮಾಡಿದರು? ಶ್ರೀರಂಗಪಟ್ಟಣ ಬಿದ್ದ ಸುದ್ದಿ ಇಂಗ್ಲೆಂಡಿಗೆ ತಲುಪಿದ್ದೇ ತಡ ಅಲ್ಲಿ ಚಿತ್ರಗಳ ಸುಗ್ಗಿ ಆರಂಭವಾಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಯುವಕ 1800ರಲ್ಲಿ 120 ಅಡಿ ಉದ್ದದ ಬೃಹತ್ ಚಿತ್ರ ಬರೆದು ಲೈಸಿಯಂ ಎಂಬಲ್ಲಿ ಪ್ರದರ್ಶಿಸಿದ, ಜನ ದುಡ್ಡು ಕೊಟ್ಟು ಮುಗಿಬಿದ್ದರು. ಹೆನ್ರಿ ಸಿಂಗಲ್‌ಟನ್ ಸುಲ್ತಾನರ ಕೊನೆಯ ಹೋರಾಟವನ್ನು ಬರೆದ. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರದಲ್ಲಿ ಜನರಲ್ ಬೇರ್ಡ್ ದೀವಟಿಗೆಯ ಬೆಳಕಿನಲ್ಲಿ ಸುಲ್ತಾನರ ಪಾರ್ಥಿವ ಶರೀರವನ್ನು ಕಾಣುತ್ತಾನೆ. ಅದನ್ನು ಬರೆಸಿದವಳು ಬೇರ್ಡನ ವಿಧವೆ. ಈ ಮೂವರಲ್ಲಿ ಒಬ್ಬನೂ ಕಾವೇರಿಯನ್ನು ಕಂಡವನಲ್ಲ. ಅವರು ಬರೆದ ಮೈಸೂರಿನವರ ರುಮಾಲುಗಳು ಪೂರ್ವದೇಶದವರೆಲ್ಲ ಹೀಗೇ ಇರುತ್ತಾರೆ ಎಂಬ ಕಲ್ಪನೆಯಿಂದ ಬಂದವು. ಇವರಿಗೆ ಹೋಲಿಸಿದರೆ 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್, 1799ರ ನಂತರ ಸುಲ್ತಾನರ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಬರೆದ ಥಾಮಸ್ ಹಿಕಿ, ಇವರಿಬ್ಬರ ಕೆಲಸ ಹೆಚ್ಚು ನಂಬಬಹುದಾದದ್ದು. ಶತ್ರುಪಕ್ಷದ ಚಿತ್ರಕಾರರಾದರೇನು, ಕಣ್ಣಿನಿಂದ ಕಂಡು ಬರೆದವರು.

ಕಾಣದೆ ಬರೆಯುವ ರೋಗ ನಮ್ಮವರಿಗೂ ಇಲ್ಲದಿಲ್ಲ. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪು ಸುಲ್ತಾನರ ಖಡ್ಗದ ಧಾರಾವಾಹಿ ಬಂದ ಮೇಲೆ ನನ್ನ ತರಗತಿಯ ಮಕ್ಕಳು ಬರೆದದ್ದೆಲ್ಲ ಆ ನಟನ ರುಮಾಲನ್ನೇ. ಈಚೆಗೆ ಮೊಬೈಲುಗಳಲ್ಲಿ ಟಿಪ್ಪುವಿನ ನಿಜವಾದ ಫೋಟೋ ಎಂದು ಒಂದು ಚಿತ್ರ ಓಡಾಡುತ್ತಿದೆ, ತಲೆಗೆ ರುಮಾಲು ಸುತ್ತಿದ ಗಡ್ಡದ ಮನುಷ್ಯ. ಅದು ಪೂರ್ವ ಆಫ್ರಿಕದ ಜಂಜಿಬಾರ್ ಕಡೆಯ, ಹತ್ತೊಂಬತ್ತನೇ ಶತಮಾನದ ಒಬ್ಬ ವ್ಯಾಪಾರಿಯ ಫೋಟೋ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಸುಲ್ತಾನರು ಶಹೀದರಾಗಿ ನಲವತ್ತು ವರ್ಷಗಳ ಮೇಲೆ. ಈ ಒಂದು ಲೆಕ್ಕ ಹಾಕಿದರೆ ಸಾಕಿತ್ತು. ಸುಲ್ತಾನರನ್ನು ದ್ವೇಷಿಸುವವರೂ ಆ ಫೋಟೋ ಹಂಚುತ್ತಾರೆ, ಪ್ರೀತಿಸುವ ನಮ್ಮವರೂ ಹಂಚುತ್ತಾರೆ. ಎರಡನೆಯದು ನನಗೆ ಹೆಚ್ಚು ಬೇಸರ ತರುತ್ತದೆ.

ರುಮಾಲು ಹೋಯಿತು, ಶಿರಸ್ತ್ರಾಣ ಉಳಿಯಿತು. ಶ್ರೀರಂಗಪಟ್ಟಣದಿಂದ ಗೆದ್ದವರು ಹೊತ್ತೊಯ್ದ ವಸ್ತುಗಳಲ್ಲಿ ಮೈಸೂರಿನ ಶಿರಸ್ತ್ರಾಣಗಳೂ ಇದ್ದವು, ಬ್ರಿಟನ್ನಿನ ಸಂಗ್ರಹಗಳಲ್ಲಿ ಇಂದಿಗೂ ಇವೆ. ಹೆಸರು ಕೇಳಿ ಕಬ್ಬಿಣದ್ದೆಂದು ಭಾವಿಸಬೇಡಿ. ಇವುಗಳಲ್ಲಿ ಹಲವು ಬಟ್ಟೆಯವು. ರಜಾಯಿಯ ಹಾಗೆ ಪದರ ಪದರವಾಗಿ ಹೊಲಿದು, ಮೇಲೆ ರೇಷ್ಮೆ ಹೊದಿಸಿ, ಮೂಗಿನ ಮೇಲೆ ಇಳಿಯುವಂತೆ ಲೋಹದ ಪಟ್ಟಿ ಕೂರಿಸಿದವು. ದಪ್ಪಗೆ ಹೊಲಿದ ಬಟ್ಟೆ ಕತ್ತಿಯ ಏಟನ್ನು ತಡೆಯುತ್ತದೆ, ನಮ್ಮ ಬಿಸಿಲಿನಲ್ಲಿ ಕಬ್ಬಿಣದಂತೆ ಕಾಯುವುದಿಲ್ಲ. ಬಟ್ಟೆಯದಾದರೂ ಹೊಲಿಗೆಯಿಂದಾಗಿ ಅದು ತಾನೇ ನಿಲ್ಲುತ್ತದೆ, ತಲೆ ಬೇಕಿಲ್ಲ. ಆದ್ದರಿಂದಲೇ ಗಾಜಿನ ಪೆಟ್ಟಿಗೆಯವರೆಗೂ ತಲುಪಿತು.

ಯೂರೋಪಿನಲ್ಲಿ ಶಿರಸ್ತ್ರಾಣವನ್ನು ಹೀಗೆ ಒಂಟಿಯಾಗಿಟ್ಟು ಬರೆಯುವ ಸಂಪ್ರದಾಯ ಹಳೆಯದು. ಹದಿನೇಳನೇ ಶತಮಾನದ ಹಾಲೆಂಡಿನಲ್ಲಿ ವ್ಯಾನಿಟಾಸ್ ಎಂಬ ಬಗೆಯ ವಸ್ತುಚಿತ್ರಗಳಿದ್ದವು. ತಲೆಬುರುಡೆ, ಆರಿದ ದೀಪ, ಮರಳಿನ ಗಡಿಯಾರ, ಕೆಲವುದರಲ್ಲಿ ಪಕ್ಕದಲ್ಲೊಂದು ಶಿರಸ್ತ್ರಾಣ ಅಥವಾ ಕವಚ. ಯುದ್ಧದ ಕೀರ್ತಿಯೂ ನಶ್ವರ ಎಂಬುದು ಅದರ ಅರ್ಥ. ಬರ್ಲಿನ್ನಿನಲ್ಲಿರುವ ಚಿನ್ನದ ಶಿರಸ್ತ್ರಾಣದ ಮನುಷ್ಯನ ಚಿತ್ರ ರೆಂಬ್ರಾಂಟನದೆಂದು ಬಹುಕಾಲ ಪ್ರಸಿದ್ಧವಾಗಿತ್ತು. ಅವನ ಬಳಗದ ಬೇರೊಬ್ಬನದೆಂದು 1980ರ ದಶಕದಲ್ಲಿ ತಜ್ಞರು ತೀರ್ಮಾನಿಸಿದರು. ಯಾರು ಬರೆದಿದ್ದರೂ ನೋಡುವವರ ಕಣ್ಣು ಮೊದಲು ಹೋಗುವುದು ಲೋಹದ ಹೊಳಪಿನ ಮೇಲೆ, ಆಮೇಲೆ ಮುಖಕ್ಕೆ.

ಆ ಹೊಳಪನ್ನು ಕಲಿಯಲು ಬರ್ಲಿನ್ನಿಗೆ ಹೋಗಬೇಕಿಲ್ಲ. ನಾಗಮಂಗಲ ಹಿತ್ತಾಳೆ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. 1792ರಲ್ಲಿ ಪರಶುರಾಮಭಾವುವಿನ ಮರಾಠಾ ಸೈನ್ಯ ಆ ಊರನ್ನು ಹಾಳುಗೆಡವಿದರೂ ಕಸುಬು ಉಳಿಯಿತು. ಮನೆಯಲ್ಲಿರುವ ಹಿತ್ತಾಳೆಯ ಚೊಂಬನ್ನು ಕಿಟಕಿಯ ಬಳಿ ಬೋರಲು ಹಾಕಿ. ಅದೇ ನಿಮ್ಮ ಶಿರಸ್ತ್ರಾಣ. ಮೊದಲು ಮಧ್ಯರೇಖೆ ಎಳೆಯಿರಿ, ಎರಡೂ ಪಕ್ಕ ಸಮ ಬರಲಿ. ಕೆಳಗಿನ ಅಂಚು ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಅಗಲವಾದ ದೀರ್ಘವೃತ್ತ ಕಾಣುತ್ತದೆ. ಮಕ್ಕಳು ಆ ವೃತ್ತದ ಎರಡು ಕೊನೆಗಳನ್ನು ಚೂಪು ಮಾಡುತ್ತಾರೆ, ಅದು ತಪ್ಪು, ಅಲ್ಲಿಯೂ ಗುಂಡಗೇ ತಿರುಗಬೇಕು. ಲೋಹದಲ್ಲಿ ಬೆಳಕು ಒಮ್ಮೆಲೇ ಬಿಳಿ, ಪಕ್ಕದಲ್ಲೇ ಕಡುಗಪ್ಪು. ಬಟ್ಟೆಯಲ್ಲಿ ಹಾಗಲ್ಲ, ಬೆಳಕು ನಿಧಾನವಾಗಿ ನೆರಳಿಗೆ ಇಳಿಯುತ್ತದೆ. ಪೆನ್ಸಿಲ್ಲಿನ ಗೆರೆ ರುಮಾಲಿನ ಸುತ್ತು ಹೋದ ದಿಕ್ಕಿನಲ್ಲೇ ಹೋಗಬೇಕು.

ಇದರಲ್ಲಿ ಕೊನೆಯ ಮಾತನ್ನು ನನಗೆ ಕಲಿಸಿದವರು ಆ ಹುಡುಗನ ಅಜ್ಜ. ಮಾರನೆಯ ದಿನ ಅವರೇ ಶಾಲೆಗೆ ಬಂದರು. "ಮೇಷ್ಟ್ರೇ, ರುಮಾಲು ಬರೀಬೇಕು ಅಂದ್ರಂತೆ, ಕಟ್ಟದೆ ಹೇಗೆ ಬರೀತಾನೆ?" ಎಂದು ಕೇಳಿದರು. ನೀರಿನ ಬಿಂದಿಗೆಯನ್ನು ಬೋರಲು ಹಾಕಿಸಿ, ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಎರಡೇ ನಿಮಿಷದಲ್ಲಿ ಕಟ್ಟಿ ಮುಗಿಸಿದರು. ಹುಡುಗ ಎರಡು ಪಿರಿಯಡ್ ಕೂತು ಬರೆದ. ನನಗೆ ಚಿತ್ರ ಬಹಳ ಚೆನ್ನಾಗಿ ಕಂಡಿತು. ಅಜ್ಜ ಕನ್ನಡಕ ಹಾಕಿಕೊಂಡು ಹಾಳೆಯನ್ನೂ ಬಿಂದಿಗೆಯನ್ನೂ ಮೂರ್ನಾಲ್ಕು ಸಲ ನೋಡಿದರು.

"ಈ ಮೂರನೇ ಸುತ್ತು ಎಡಗಡೆಯಿಂದ ಬಂದ ಹಾಗಿದೆ. ನಾನು ಸುತ್ತಿದ್ದು ಬಲಗಡೆಯಿಂದ" ಎಂದರು.

ಹುಡುಗ ರಬ್ಬರಿಗೆ ಕೈ ಹಾಕಿದ. ಅವರು ತಡೆದು, ಬಿಂದಿಗೆಯ ಮೇಲಿನ ರುಮಾಲನ್ನು ಬಿಚ್ಚಿ, ಅವನ ಕೈಗೇ ಕೊಟ್ಟು, "ಮೊದಲು ನೀನು ಕಟ್ಟು" ಎಂದರು.